ಮುಕ್ಕಾಲು ಚಿತ್ರದ ಶಿಫಾರಸು

ಆದಿ ಇದ್ದದ್ದಕ್ಕೆಲ್ಲ ಅಂತ್ಯವೂ ಇದೆ ಎಂದು ಹಿರಿಯರು ಹೇಳಿದ್ದಾರೆ. ಅವರು ಉಳ್ಳಾಲದಿಂದ ಮಂಗಳೂರಿಗೆ ಸಿನೆಮಾ ನೋಡಲು ಹೋದವರಲ್ಲ. ಊರಿಗೆ ಹೊಳೆ ದಾಟಿಸುವ ಕೊನೆಯ ದೋಣಿ ಸಿಗಬೇಕಾದರೆ ನಾವು ಚಿತ್ರ ಮುಗಿಯಲು ಮುಕ್ಕಾಲು ಗಂಟೆ ಇರುವಾಗಲೇ ಬೆಂಚಿನಿಂದ ಎದ್ದು ಹೊಳೆಯ ಕಡೆ ಓಡಬೇಕಿತ್ತು.

ಆಗ ನಾನು ಶಾಲಾ ಮಾಸ್ತರ. ಮಂಗಳೂರು ಬಂದರಿನ ಒಣಮೀನು ಸಾಹುಕಾರರೊಬ್ಬರ ಮಗಳನ್ನು ನನಗೆ ಕೊಡುವ ಮಾತು ನಡೆದಿತ್ತು. ಜಾತಿ ಒಂದೇ, ಆದರೆ ನಮ್ಮವರು ಮೀನು ಹಿಡಿಯುವವರು, ಅವರು ಮೀನನ್ನು ಮುಟ್ಟದೆಯೇ ಮಾರುವವರು. ಹುಡುಗಿಯನ್ನು ಒಮ್ಮೆ ನೋಡಿದ್ದೆ. ಆಮೇಲೆ ಮಗ್ಗಿ ಹೇಳಿಕೊಡುವಾಗಲೂ ತಪ್ಪುತ್ತಿತ್ತು.

ಸಾಹುಕಾರರು ಕೇಳಿದರು: "ಮಾಸ್ಟ್ರೇ, ಆ ಡ್ರೈವರನ ಸಿನೆಮಾ ಉಂಟಲ್ಲ, ಹೆಣ್ಣುಮಕ್ಕಳನ್ನು ಕರ್ಕೊಂಡು ಹೋಗಬಹುದಾ?"

ಹಿಂದಿನ ವಾರವಷ್ಟೇ ನೋಡಿದ್ದೆ. ಶ್ರೀಮಂತನ ಮಗಳು, ಅವಳ ಮನೆಯ ಕಾರಿನ ಡ್ರೈವರ, ಬೇಕಾದಷ್ಟು ನಗು. "ಧಾರಾಳವಾಗಿ. ಒಳ್ಳೆ ನೀತಿ ಉಂಟು," ಎಂದೆ. ಮುಕ್ಕಾಲು ಚಿತ್ರದ ಮಟ್ಟಿಗೆ ಅದು ನಿಜವೇ ಆಗಿತ್ತು.

ನನ್ನನ್ನೂ ಕರೆದರು. ಆ ರಾತ್ರಿ ಪೇಟೆಯಲ್ಲೇ ಉಳಿಯುವ ಏರ್ಪಾಡಾಯಿತು. ಕುರ್ಚಿ ಕ್ಲಾಸು, ಪಕ್ಕದಲ್ಲಿ ಸಾಹುಕಾರರು, ಅವರಾಚೆ ಮಗಳು. ಒಂದು ಹಂತದಲ್ಲಿ ಮುಂದಿನ ಬೆಂಚುಗಳಿಂದ ನಮ್ಮೂರವರು ಎದ್ದು ಹೊರಟರು. ಇನ್ನು ಮುಂದಿನದು ನನಗೂ ಗೊತ್ತಿಲ್ಲ ಎಂಬುದು ಆಗ ತಲೆಗೆ ಬಂತು. ಡ್ರೈವರ ಸನ್ಯಾಸಿಯಾಗಲಿ ಎಂದು ಹರಕೆ ಹೊತ್ತೆ. ಕರ್ತವ್ಯವೇ ದೊಡ್ಡದೆಂದು ಚಿತ್ರದ ಹುಡುಗಿ ಒಂದು ಭಾಷಣ ಮಾಡಿದರೂ ಸಾಕಿತ್ತು.

ಅವಳು ಕಿಟಕಿ ಹಾರಿದಳು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಡ್ರೈವರ ಅವಳನ್ನು ಅವಳಪ್ಪನ ಕಾರಿನಲ್ಲೇ ಕೂರಿಸಿಕೊಂಡು ಹೊರಟ. ಅಪ್ಪ ಧೋತರ ಎತ್ತಿಕೊಂಡು ಹಿಂದೆ ಓಡಿ ಕೆಸರಿಗೆ ಬಿದ್ದ. ಥಿಯೇಟರಿಗೆ ಥಿಯೇಟರೇ ನಕ್ಕಿತು. ಸಾಹುಕಾರರ ಮಗಳೂ ನಕ್ಕಳು; ನನಗೆ ಇನ್ನಷ್ಟು ಹೆದರಿಕೆಯಾದದ್ದು ಅದರಿಂದಲೇ. ಸಾಹುಕಾರರ ಕಡೆ ತಿರುಗುವ ಧೈರ್ಯ ಬರಲಿಲ್ಲ.

ದೀಪ ಹತ್ತಿತು.

"ಇದಾ ಮಾರಾಯ್ರೆ ನೀತಿ?"

"ಕೊನೆ ನಾನು ನೋಡಿರಲಿಲ್ಲ. ದೋಣಿ ತಪ್ಪುತ್ತದೆ ಅಂತ..."

"ನೋಡದೆ ಹೇಳಿದ್ದಾ?"

"ಮುಕ್ಕಾಲು ನೋಡಿದ್ದೇನೆ."

"ನಾಳೆ ಸಂಸಾರದಲ್ಲೂ ಮುಕ್ಕಾಲಿಗೇ ಎದ್ದು ದೋಣಿಗೆ ಓಡ್ತೀರಾ ಎಂತ?"

"ಅಪ್ಪಾ, ಮೆಲ್ಲ ಮಾತಾಡಿ, ಜನ ನೋಡ್ತಾರೆ," ಎಂದಳು ಮಗಳು. ನನ್ನೆದುರು ಅವಳು ಆಡಿದ ಮಾತು ಅದೊಂದೇ.

ಮುಂದಿನ ತಿಂಗಳು ಅವಳನ್ನು, ಪೇಟೆಯಿಂದ ದೋಣಿ ಹತ್ತದೆಯೇ ಹೋಗಬಹುದಾದ ಬೋಳೂರಿನ ಬಲೆನೂಲಿನ ವ್ಯಾಪಾರಿಯೊಬ್ಬರ ಮಗನಿಗೆ ಕೊಟ್ಟರು.