ಪ್ಯಾಚಿನ ತಳದಾಗ ಕೈ

ಹೊಸಬರಿಗೆ ಪ್ಯಾಚ್ ಕಳಿಸುವುದನ್ನು ಕಲಿಸಲು ರಾಣೆಬೆನ್ನೂರಿಗೆ ಹೋದ ದಿನ ನನ್ನ ದನಿ ತಾನಾಗಿಯೇ ಹೆಡ್‌ಮಾಸ್ತರರ ದನಿಯಾಗಿತ್ತು. ಎಲ್ಲರಿಗೂ ಸೇರಿದ ತಂತ್ರಾಂಶದಲ್ಲಿ ನಾವು ಮಾಡಿದ ತಿದ್ದುಪಡಿಯೇ ಪ್ಯಾಚ್, ಇನ್ನೊಬ್ಬರು ಓದಿ ಒಪ್ಪಿದರಷ್ಟೇ ಅದು ಒಳಗೆ ಸೇರುತ್ತದೆ ಎಂದು ವಿವರಿಸಿದೆ. ‘ಒಂದು ಪ್ಯಾಚಿಗೆ ಒಂದೇ ತಿದ್ದುಪಡಿ’ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮಾದರಿಗೆ ನನ್ನದೇ ಪ್ಯಾಚನ್ನು ಪರದೆಗೆ ಹಾಕಿದೆ. ಬಸ್ಸಿನ ವೇಳೆ ತೋರಿಸುವ ತಂತ್ರಾಂಶದಲ್ಲಿ ಗುತ್ತಲದ ಬಸ್ಸೊಂದರ ಸಮಯ ಸರಿಪಡಿಸಿದ್ದೆ. ಮೇಲಿನ ನಾಲ್ಕು ಸಾಲು ತೋರಿಸಿ, “ನೋಡ್ರಿ, ಎಷ್ಟು ಸ್ವಚ್ಛ ಐತಿ” ಅಂದೆ.

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗಿರಿಜಕ್ಕ ಹಿಂದಿನಿಂದ ಕೇಳಿದರು: “ಸರ, ತಳದಾಗ ಏನೈತಿ ತೋರಸ್ರಿ.”

“ತಳದಾಗ ಏನಿಲ್ರಿ.”

“ಚೀಲದ ಬಾಯಾಗ ಎಲ್ಲಾರೂ ಚಲೋ ಕಾಯೇ ಇಡ್ತಾರ್ರಿ. ನಾವು ತಳದಾಗ ಕೈ ಹಾಕಿ ನೋಡ್ತೀವಿ.”

ತೋರಿಸಲೇಬೇಕಾಯಿತು. ಪರೀಕ್ಷೆಗೆಂದು ಬರೆದು ಅಳಿಸಲು ಮರೆತ ಸಾಲೊಂದು ಅಲ್ಲೇ ಕೂತಿತ್ತು. ಅದರ ಪ್ರಕಾರ ಕಾಗಿನೆಲೆಯ ಬಸ್ಸುಗಳೆಲ್ಲ ಗುತ್ತಲಕ್ಕೆ ಹೋಗುತ್ತಿದ್ದವು.

ಗಿರಿಜಕ್ಕ ನಗಲಿಲ್ಲ. “ಇದನ್ನ ಕಳಿಸಿಬಿಟ್ಟೀರೇನ್ರಿ?”

“ಮುಂಜಾನೆ ಕಳಿಸೇನ್ರಿ. ಇನ್ನೂ ಯಾರೂ ಒಪ್ಪಿಲ್ಲ.”

“ಹಂಗಾರ ಬ್ಯಾಡ ಅನ್ನೋದು ಹೆಂಗ, ಮೊದಲ ಅದನ್ನ ಕಲಿಸ್ರಿ.”

ಕಲಿಸಿದೆ. ಆ ದಿನ ಹೊಸಬರೆಲ್ಲ ಸೇರಿ ಮಾಡಿದ ಮೊದಲ ಕೆಲಸ, ನನ್ನ ಪ್ಯಾಚನ್ನು ಕಾರಣ ಬರೆದು ವಾಪಸ್ ಕಳಿಸಿದ್ದು. ಒಬ್ಬರೂ ತಪ್ಪು ಮಾಡಲಿಲ್ಲ. ನಾನು ಕಲಿಸುವ ರೀತಿಯೇ ಅಷ್ಟು ಚಲೋ ಐತಿ ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ.