ಗಲ್ಲಾದ ಕೆಂಪು ಕುಶನ್

2022ರಲ್ಲಿ ನಾನು ಬೊರಿವಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ತಿರುಚಿಕೊಂಡ ಬೆನ್ನು, ಕುತ್ತಿಗೆ, ಮಂಡಿಗಳೇ ನಮ್ಮ ವಿಭಾಗದ ನಿತ್ಯದ ಗಿರಾಕಿಗಳು. ಭಾಸ್ಕರ ಶೆಟ್ಟರ ನೋವು ಬೇರೆಯದು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಮಾತು ಶುರುಮಾಡಿದರು.

"ಸೈಕಲಿನಲ್ಲಿ ದೂರ ಹೋದ್ರೆ ಬೆನ್ನಿನ ತುದಿಯಲ್ಲಿ ಮೊಳೆ ಹೊಡೆದ ಹಾಗೆ ಆಗ್ತದೆ ಮೇಡಂ. ಆದ್ರೆ ಸೈಕಲ್ ಬಿಡಿ ಅಂತ ಮಾತ್ರ ಹೇಳ್ಬೇಡಿ."

ಅದಕ್ಕೆ ಕಾರಣವಿತ್ತು. ಅವರು ಬಾಂದ್ರಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ, ಅಂದರೆ ಬಾಗಿಲ ಪಕ್ಕದ ಕ್ಯಾಶ್ ಕೌಂಟರಿನಲ್ಲಿ, ಕೂರುವವರು. ಲಾಕ್‌ಡೌನಿನಲ್ಲಿ ಲೋಕಲ್‌ಗೆ ಜನಸಾಮಾನ್ಯರನ್ನು ಹತ್ತಿಸದಿದ್ದಾಗ ಹಳೆಯ ಸೈಕಲ್ಲೊಂದನ್ನು ಹಿಡಿದು ಬೊರಿವಲಿಯಿಂದ ಬಾಂದ್ರಾಕ್ಕೆ ತುಳಿಯತೊಡಗಿದರು. ಹೋಗಿಬರಲು ಮೂವತ್ತೈದು ಕಿಲೋಮೀಟರಿನ ಹತ್ತಿರ. ಟ್ರೇನು ಎಲ್ಲರಿಗೂ ತೆರೆದ ಮೇಲೂ ಅವರು ಸೈಕಲ್ ಬಿಡಲಿಲ್ಲ, ಏಕೆಂದರೆ ಗುಳಿಗೆಗೆ ಬಗ್ಗದ ಅವರ ಸಕ್ಕರೆ ಕಾಯಿಲೆ ಸೈಕಲ್ಲಿಗೆ ಬಗ್ಗಿತ್ತು. ಅದೇ ಕಾಯಿಲೆಯಿಂದ ಅವರ ಅಣ್ಣನ ಪಾದ ಕತ್ತರಿಸಿದ್ದರು. ಸೈಕಲ್ ನಿಂತರೆ ತಮ್ಮದೂ ಅದೇ ಗತಿ ಎಂದು ಅವರಿಗೆ ಭಯ. ಆ ಭಯ ಸುಳ್ಳೇನೂ ಆಗಿರಲಿಲ್ಲ.

ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಬೆನ್ನುಮೂಳೆಯ ಕಟ್ಟಕಡೆಗೆ ಬಾಲದಂತೆ ಒಳಕ್ಕೆ ಬಾಗಿರುವ ಸಣ್ಣ ಮೂಳೆಗೆ ಕಾಕ್ಸಿಕ್ಸ್ ಎನ್ನುತ್ತೇವೆ. ದೇವರು ನಮಗೆ ಕೂರಲು ಕೊಟ್ಟದ್ದು ಅದನ್ನಲ್ಲ, ಅದರ ಎರಡು ಬದಿಗಿರುವ ಗಟ್ಟಿ ಮೂಳೆಗಳನ್ನು. ಸೈಕಲ್ ತರಿಸಿ ಆಸ್ಪತ್ರೆಯ ಹಿತ್ತಲಲ್ಲೇ ಹತ್ತಿಸಿ ನೋಡಿದೆ. ಅಗಲದ ಸ್ಪ್ರಿಂಗ್ ಸೀಟು, ಅದರ ಮೇಲೆ ಜೆಲ್ ಕವರು, ಸಾಲದ್ದಕ್ಕೆ ಮಡಚಿದ ಟವೆಲ್ಲು! ನೋವಿದ್ದಲ್ಲಿ ಮೆತ್ತಗಿರಲಿ ಎಂದು ಎಲ್ಲರೂ ಹೀಗೇ ಮಾಡುತ್ತಾರೆ. ಮೆತ್ತನೆಯದರಲ್ಲಿ ಮೈ ಹೂತುಹೋಗಿ, ಭಾರ ಬೀಳಬಾರದ ಬಾಲದ ಮೂಳೆಯ ಮೇಲೇ ಬೀಳುತ್ತದೆ. ಎಲ್ಲ ಕಿತ್ತುಹಾಕಿಸಿ, ಗಟ್ಟಿಯಾದ ಸೀಟು ಹಾಕಿಸಿ, ಮೇಲೆ ಮುಖ ಮಾಡಿದ್ದ ಅದರ ಮೂತಿಯನ್ನು ಸಮತಟ್ಟು ಮಾಡಿಸಿದೆ.

ನೋವು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಮುಂದಿನ ಸಲ ಬಂದಾಗ ಕೇಳಿದೆ, "ಭಾಳ ನೋಯೂದು ಯಾವಾಗ್ರಿ ಶೆಟ್ರ? ಖರೇ ಹೇಳ್ರಿ."

"ಗಲ್ಲಾದಿಂದ ಏಳುವಾಗ ಮೇಡಂ. ಜೀವ ಹೋಗ್ತದೆ."

ಅಲ್ಲಿಗೆ ಕಳ್ಳ ಸಿಕ್ಕ. ದಿನವಿಡೀ ಮರದ ಸ್ಟೂಲಿನ ಮೇಲೆ ಗೂನು ಹಾಕಿ ಕೂತು ಮೂಳೆ ಹಣ್ಣಾಗುತ್ತಿತ್ತು. ಬೈಗುಳ ಮಾತ್ರ ಸೈಕಲ್ಲಿಗೆ. ಆಗಾಗ ಎದ್ದು ನಿಲ್ಲಿ ಎಂದರೆ ನಕ್ಕುಬಿಟ್ಟರು. "ಗಲ್ಲಾ ಬಿಟ್ಟು ಏಳ್ಲಿಕ್ಕುಂಟಾ? ನಾನು ನಿಂತ್ರೆ ಗಿರಾಕಿ ಹೋಟೆಲ್ ಮುಚ್ತಾರೆ ಅಂತ ತಿಳ್ಕೊಳ್ತಾನೆ." ಕೊನೆಗೆ ಹಿಂಭಾಗದಲ್ಲಿ ಕತ್ತರಿಸಿ ಜಾಗ ಬಿಟ್ಟ ಫೋಮ್ ಕುಶನ್ ಕೊಟ್ಟೆ. ಕೂತಾಗ ಬಾಲದ ಮೂಳೆ ಆ ಖಾಲಿ ಜಾಗದಲ್ಲಿ ತೂಗಬೇಕು, ಏನೂ ತಾಗಬಾರದು ಎಂದು ಮಗುವಿಗೆ ಹೇಳುವಂತೆ ಹೇಳಿದೆ.

ಕೆಲವು ವಾರ ಭಾಸ್ಕರ ಶೆಟ್ಟರ ಮುಖ ನೋಡುವುದೇ ಹಬ್ಬವಾಗಿತ್ತು. ಬಂದವರೇ ಕುರ್ಚಿಯಲ್ಲಿ ಕೂರುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಬಂದವರು ಮತ್ತೆ ಗೋಡೆಗೆ ಒರಗಿದರು. ಸೀಟು ನೋಡಿದೆ, ಸರಿಯಾಗಿತ್ತು. ಮೂಳೆ ಡಾಕ್ಟರರ ಬಳಿ ಇಂಜೆಕ್ಷನ್ ಕೊಡಿಸಿದೆ. ನೀರಲ್ಲಿ ಹೋಮ ಮಾಡಿದಂತಾಯಿತು. ಕುಶನ್ ಇದೆಯಷ್ಟೇ ಎಂದರೆ, "ಉಂಟು ಮೇಡಂ, ಅದರ ಮೇಲೆಯೇ ಕೂರುದು" ಎಂದು ನೆಲ ನೋಡಿದರು. ನನಗೆ ದಿಕ್ಕೇ ತೋಚಲಿಲ್ಲ. ಕೆಲವು ದಿನಕ್ಕೆ ಅವರು ಬರುವುದನ್ನೇ ನಿಲ್ಲಿಸಿದರು.

ಮುಂದಿನ ಮಳೆಗಾಲದಲ್ಲಿ ಬಾಂದ್ರಾಕ್ಕೆ ಹೋದವಳು ಅವರ ಹೋಟೆಲ್ ಹುಡುಕಿಕೊಂಡು ಹೋದೆ. ಗಲ್ಲಾದಲ್ಲಿ ಒಂದು ಬದಿಗೆ ವಾಲಿ ಕೂತಿದ್ದರು. ಮುಖ ಇಳಿದುಹೋಗಿತ್ತು.

"ಸೈಕಲ್ ಕೊಟ್ಟುಬಿಟ್ಟೆ ಮೇಡಂ. ದಿನವಿಡೀ ಇಲ್ಲಿ ನೊಂದದ್ದು ಸೀಟಿನ ಮೇಲೆ ಕೂರ್ಲಿಕ್ಕೇ ಬಿಡ್ತಿರ್ಲಿಲ್ಲ. ಸಕ್ಕರೆ ಮತ್ತೆ ಏರಿದೆ. ಈಗ ಪಾದ ಜೋಮು ಹಿಡೀತದೆ."

ಅವರ ಕೆಳಗೆ ಜರಿಯಂಚಿನ ಕೆಂಪು ವೆಲ್ವೆಟ್ ಕುಶನ್ ಇತ್ತು, ಮೂಲೆಯಲ್ಲಿ ಕುಂಕುಮದ ಕಲೆ. ಏಳಿ ಎಂದೆ. ಅರ್ಧ ಎದ್ದರು. ಹಿಂಭಾಗ ಒತ್ತಿ ನೋಡಿದೆ. ನಾನು ಕೊಟ್ಟದ್ದೇ ಕುಶನ್. ಖಾಲಿ ಬಿಟ್ಟ ಜಾಗದಲ್ಲಿ ಕಲ್ಲಿನಂತೆ ಹತ್ತಿ ತುಂಬಿ ಹೊಲಿದಿದ್ದರು.

"ದೀಪಾವಳಿಯ ಲಕ್ಷ್ಮೀಪೂಜೆಗೆ ಹೋಟೆಲಿನ ಧಣಿ ಬಂದಿದ್ರು. ಲಕ್ಷ್ಮಿ ಇರುವ ಗಲ್ಲಾದಲ್ಲಿ ತುಂಡಾದ್ದು ಇಡ್ಬಾರ್ದು ಭಾಸ್ಕರ, ಅಂತ ಅವರೇ ಟೈಲರಿಗೆ ಕೊಟ್ಟು ಹೊಲಿಸಿ ತಂದ್ರು. ನನಗೋಸ್ಕರ ವೆಲ್ವೆಟ್ ಹಾಕಿಸಿದ್ದಾರೆ."

"ಅಯ್ಯ, ನನಗ್ಯಾಕ ಹೇಳ್ಲಿಲ್ರಿ?"

"ಹೇಳಿದ್ರೆ ನೀವು ಸುಮ್ಮನಿರ್ತಿರ್ಲಿಲ್ಲ. ಧಣಿ ಹತ್ರ ಬರ್ತಿದ್ರಿ."

"ಈಗೂ ಮಾತಾಡ್ತೀನಿ. ಎಲ್ಲಿದಾರ ಅವರು?"

ಭಾಸ್ಕರ ಶೆಟ್ಟರು ಕೈಮುಗಿದೇಬಿಟ್ಟರು. "ಬೇಡಿ ಮೇಡಂ. ಅಷ್ಟು ಪ್ರೀತಿಯಿಂದ ಕೊಟ್ಟದ್ದು, ಬಿಚ್ಚುದು ಹೇಗೆ? ಬೇಜಾರು ಮಾಡ್ಕೊಂಡ್ರೆ ಈ ಪ್ರಾಯದಲ್ಲಿ ನಾನು ಎಲ್ಲಿಗೆ ಹೋಗುದು?"

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಯಾರ ಮೇಲೆ? ಧಣಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕತ್ತರಿಯಿಂದ ನಾಲ್ಕು ಹೊಲಿಗೆ ಬಿಚ್ಚಿದರೆ ಒಂದು ಪಾದ ಉಳಿದೀತೇನೋ. ಅಷ್ಟು ಸಣ್ಣ ಕೆಲಸ ನನ್ನಿಂದ ಆಗಲಿಲ್ಲ. ನೋವಿನ ಕಾರಣ ಕಂಡುಹಿಡಿದ ಮಾತ್ರಕ್ಕೆ ಅದನ್ನು ತೆಗೆಯುವ ಹಕ್ಕು ನಮಗೆ ಸಿಗುವುದಿಲ್ಲ ಎಂದು ನನ್ನ ಕೆಲಸ ಅಂದು ಕಲಿಸಿತು. ಈ ಪಾಠ ನನಗೆ ಬೇಕಿರಲಿಲ್ಲ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಿಲ್ಲು ಹಿಡಿದು ಬಂದ. ಭಾಸ್ಕರ ಶೆಟ್ಟರು ತುಟಿ ಕಚ್ಚಿಕೊಂಡು, ಮೆಲ್ಲಗೆ ಆ ಕೆಂಪು ಕುಶನ್ನಿನ ಮೇಲೆಯೇ ಕೂತರು.