ರಂಜಕದ ಸೀಸೆಯ ನೀರು

ಆ ಸೀಸೆಯ ನೀರನ್ನು ಬಗ್ಗಿಸಿಕೊಂಡವನು ನಾನು. ಪ್ರಯೋಗಶಾಲೆಗೆ ಬೆಂಕಿ ಬಿದ್ದದ್ದು, ನಮ್ಮ ವಿಜ್ಞಾನದ ಮೇಷ್ಟ್ರ ಕೈ ಸುಟ್ಟದ್ದು, ಅವರ ಕೆಲಸ ಹೋದದ್ದು — ಎಲ್ಲವೂ ನನ್ನಿಂದ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಬಾಗಿಲ ಕಡೆ ನೋಡಿದೆ. ಈಗ ನನ್ನನ್ನು ಹಿಡಿದು ಕೇಳುವವರು ಯಾರೂ ಇಲ್ಲ, ಆದರೂ...

ಅದು ಎರಡನೇ ಮಹಾಯುದ್ಧದ ಕಾಲ. ಆದವಾನಿಯ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಹನುಮಂತರಾವ್ ಮೇಷ್ಟ್ರು ಬೇರೆಯವರಂತೆ ಬರೀ ನೋಟ್ಸ್ ಬರೆಸುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಪ್ರಯೋಗಶಾಲೆಯ ಬೀರು ತೆರೆದಿಟ್ಟು, "ನಿಮ್ಮ ತಲಿಗೆ ಏನ್ ಹೊಳೀತೈತೋ ಅದನ್ನ ಮಾಡ್ರಿ. ಒಡದ್ರ ಬಡಿಯಂಗಿಲ್ಲ. ಹೆಂಗ ಒಡೀತು ಅಂತ ಮಾತ್ರ ಹೇಳಬೇಕು," ಎನ್ನುತ್ತಿದ್ದರು. ಹೆಡ್‌ಮಾಸ್ಟರಿಗೆ ಇದು ಕಣ್ಣುರಿ. ನನಗೋ ವಾರವಿಡೀ ಶನಿವಾರದ್ದೇ ಧ್ಯಾನ. ಹತ್ತಿಯ ಬೀಜ ಬಿಡಿಸುವ ಜಿನ್ನಿನ ಹಬೆ ಇಂಜಿನ್ ನೋಡಿ ಹುಚ್ಚು ಹಿಡಿದಿತ್ತು — ಡಬ್ಬಿಯ ತಗಡು ಕತ್ತರಿಸಿ ಚಕ್ರ ಮಾಡಿದ್ದೆ, ಅದನ್ನು ಹಬೆಯಿಂದ ತಿರುಗಿಸಬೇಕು.

ಬೇಸಿಗೆ. ಆ ಶನಿವಾರ ಶಾಲೆಯ ನೀರಿನ ಹಂಡೆ ಬರಿದಾಗಿತ್ತು. ಬೀರುವಿನ ಮೂಲೆಯಲ್ಲೊಂದು ಸೀಸೆ. ಒಳಗೆ ಮೇಣದಂಥ ಹಳದಿ ತುಂಡು, ಅದು ಮುಳುಗುವಷ್ಟು ನೀರು. ನಮ್ಮೂರು ಆಸ್ಪರಿಯಲ್ಲಿ ಬೇಳೆ ತೊಳೆದ ನೀರೂ ಎಮ್ಮೆಗೆ, ಮುಖ ತೊಳೆದ ನೀರೂ ಗಿಡಕ್ಕೆ. ಒಂದು ತುಂಡಿನ ಮೇಲೆ ಸುಮ್ಮನೆ ನಿಂತ ನೀರು ನನ್ನ ಕಣ್ಣಿಗೆ ದಂಡವಾಗಿ ಕಂಡಿತು. ಸೀಸೆಗೆ ಅಂಟಿಸಿದ್ದ ಚೀಟಿ ಓದಲಿಲ್ಲ. ಬಗ್ಗಿಸಿಕೊಂಡೆ, ಬಿರಡೆಯನ್ನೂ ಹಾಕಲಿಲ್ಲ. ಅದು ರಂಜಕ, ಗಾಳಿಗಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ, ಅದಕ್ಕೇ ನೀರಿನಲ್ಲಿಡುತ್ತಾರೆ — ಇದೆಲ್ಲ ಆಮೇಲೆ ತಿಳಿದದ್ದು.

ಮೂಲೆಯಲ್ಲಿ ಕೂತು ನೀರು ಕಾಯಿಸಿದೆ. ಚಕ್ರ ತಿರುಗಿತು! ಕೂಗಬೇಕೆಂದು ಬಾಯಿ ತೆರೆದೆ — ಬೆನ್ನ ಹಿಂದೆ ಬೆಳ್ಳುಳ್ಳಿಯಂಥ ವಾಸನೆ, ಬಿಳಿ ಹೊಗೆ. ಬೀರು ಉರಿಯುತ್ತಿತ್ತು. ಮೇಷ್ಟ್ರು ನಮ್ಮನ್ನೆಲ್ಲ ಹೊರಗೆ ತಳ್ಳಿ, ಆ ಸೀಸೆಯನ್ನು ಬರಿಗೈಯಲ್ಲೇ ಹಿಡಿದು ಮರಳಿನ ಬಕೆಟ್ಟಿಗೆ ಹಾಕಿದರು.

ಸೋಮವಾರ, ಕೈಗೆ ಬಟ್ಟೆ ಸುತ್ತಿಕೊಂಡು, ಹೆಡ್‌ಮಾಸ್ಟರ ಎದುರೇ ಕೇಳಿದರು: "ಯಾರು ಅಂತ ಕೇಳಂಗಿಲ್ಲಪ್ಪ. ಹೆಂಗ ಆತು, ಅಷ್ಟು ಹೇಳ್ರಿ."

ಯಾರಾದರೂ ಒಪ್ಪಿಕೊಂಡರೆ ಅದು ಹುಡುಗನ ತಪ್ಪು. ಇಲ್ಲವಾದರೆ ಬೀರು ತೆರೆದಿಟ್ಟವರ ತಪ್ಪು. ಅಷ್ಟು ನನಗೆ ಅರ್ಥವಾಗಿತ್ತು. ಶಾಲೆಯಿಂದ ಹೆಸರು ಹೊಡೆದುಹಾಕುತ್ತಾರೆ, ಅಪ್ಪ ಚರ್ಮ ಸುಲಿಯುತ್ತಾನೆ, ಪೊಲೀಸರು ಬಂದರೆ... ನೆಲ ನೋಡುತ್ತ ನಿಂತೆ.

ಅವರನ್ನು ಕೆಲಸದಿಂದ ತೆಗೆದರು. ಹೊರಡುವ ದಿನ ವರಾಂಡದಲ್ಲಿ ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. ಸತ್ತೆ ಎಂದುಕೊಂಡೆ. ಮೆತ್ತಗೆ ಕೇಳಿದರು: "ಅವತ್ತು ನಿನ್ನ ಚಕ್ರ ತಿರುಗಿತೇನಲೇ?"

ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ — ಆಸೆಯಿತ್ತು. ಅವರಿಗೆ ಎಲ್ಲ ಗೊತ್ತಿತ್ತು.

"ಇಲ್ರಿ ಸಾರ್," ಎಂದೆ. "ನೀರ ಇರಲಿಲ್ರಿ."

ಅವರು "ಆತು ಬಿಡು" ಎಂದು ಹೊರಟುಹೋದರು. ಆಮೇಲೆ ನಾನು ಕೈಯಾರೆ ಏನನ್ನೂ ಮಾಡಿ ನೋಡಲಿಲ್ಲ. ಭಯ.

ತಿರುಗಿತ್ತು ಸಾರ್. ಚೆನ್ನಾಗಿ ತಿರುಗಿತ್ತು.